ನ್ಯೂಟ್ರಲ್ ಸುರಕ್ಷಾ ಸ್ವಿಚ್ಚು

ಮೈಸೂರು ಬ್ಯಾಂಕ್ ವೃತ್ತದಿಂದ ಕೃಷ್ಣರಾಜೇಂದ್ರ ಮಾರುಕಟ್ಟೆಯ ಕಡೆಗೆ ಸಾಗುವ ಅವೆನ್ಯೂ ರಸ್ತೆಯನ್ನು, ಪಠ್ಯಪುಸ್ತಕ ಕೊಳ್ಳಲು ಹೋದ ವಿದ್ಯಾರ್ಥಿಗಳು ಚೆನ್ನಾಗಿ ಬಲ್ಲರು. ಇಕ್ಕಟ್ಟಾದ ಆ ಬೀದಿಯಲ್ಲಿ ಕಾರಿನ ಮುಂದೆ ಒಂದು ಮಾರಿನಷ್ಟು ಸ್ಥಳ ಬರಿದಾಗಿರುವುದೂ ಅಪರೂಪ. ಅಂತಹ ಜನಸಂದಣಿಯ ನಡುವೆ ಎಂಜಿನು ನಿಂತುಹೋಯಿತೆಂದು ಭಾವಿಸೋಣ. ಚಾಲಕನು ಬೀಗದ ಕೈ ತಿರುಗಿಸಿದೊಡನೆ ಕಾರು ಮುನ್ನುಗ್ಗಿದರೆ ಗತಿಯೇನು? ಹಾಗಾಗದಂತೆ ಕಾಯುವ ಪುಟ್ಟ ಸಾಧನವೊಂದು ತಾನಾಗಿ ಗಿಯರು ಬದಲಿಸುವ ಕಾರುಗಳಲ್ಲಿರುತ್ತದೆ. ಅದೇ ನ್ಯೂಟ್ರಲ್ ಸುರಕ್ಷಾ ಸ್ವಿಚ್ಚು.

ಹಿಂದೆ ಎಂಜಿನನ್ನು ಕೈಯಿಂದ ತಿರುಗಿಸಿಯೇ ಚಾಲನೆಗೆ ತರಬೇಕಾಗಿತ್ತು. ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರು ೧೯೧೨ರ ಕ್ಯಾಡಿಲ್ಯಾಕ್ ಕಾರುಗಳಲ್ಲಿ ಬಂದು ಈ ಶ್ರಮವನ್ನು ನೀಗಿಸಿತು. ಸ್ಟಾರ್ಟರ್ ಮೋಟಾರಿಗೆ ೧೨ ವೋಲ್ಟಿನ ಬ್ಯಾಟರಿಯಿಂದ ಸಾಮಾನ್ಯವಾಗಿ ೧೦೦ ಆಂಪಿಯರಿಗೂ ಮಿಗಿಲಾದ ಪ್ರವಾಹ ಬೇಕು. ಅಷ್ಟು ಪ್ರವಾಹವು ಬೀಗದ ಮೂಲಕ ಹರಿಯುವುದಿಲ್ಲ. ಅಲ್ಪ ಪ್ರವಾಹವೊಂದು ವಿದ್ಯುತ್ಕಾಂತವನ್ನು ಪ್ರೇರಿಸುತ್ತದೆ. ಆ ಕಾಂತವು ದೊಡ್ಡ ವಿದ್ಯುನ್ಮಂಡಲವನ್ನು ಕೂಡಿಸುತ್ತದೆ. ನಮ್ಮ ಸ್ವಿಚ್ಚಿನ ಸ್ಥಾನ ಈ ಚಿಕ್ಕ ಪ್ರವಾಹದ ಮಂಡಲದಲ್ಲಿ. ಗಿಯರಿನ ಹಿಡಿಯು ‘ಪಾರ್ಕ್’ ಅಥವಾ ‘ನ್ಯೂಟ್ರಲ್’ ಸ್ಥಾನದಲ್ಲಿದ್ದರೆ ಮಾತ್ರ ಮಂಡಲ ಪೂರ್ಣವಾಗುತ್ತದೆ. ‘ಡ್ರೈವ್’ ಮತ್ತು ‘ರಿವರ್ಸ್’ ಸ್ಥಾನಗಳಲ್ಲಿ ಕಡಿದಿರುತ್ತದೆ.

ಈ ಸ್ವಿಚ್ಚು ಎರಡು ಬಗೆಯಲ್ಲಿ ಕೆಡಬಹುದು. ಸಂಪರ್ಕ ಸವೆದರೆ ಇಲ್ಲವೆ ಸ್ವಿಚ್ಚು ಜರುಗಿದರೆ, ದೀಪಗಳು ಪ್ರಕಾಶವಾಗಿ ಉರಿಯುತ್ತಿದ್ದರೂ ಸ್ಟಾರ್ಟರು ಸದ್ದಿಲ್ಲದಿರುತ್ತದೆ. ಪಾರ್ಕಿನಲ್ಲಿ ಏಳದ ಎಂಜಿನು ನ್ಯೂಟ್ರಲಿನಲ್ಲಿ ಎದ್ದೀತು. ಇದು ತೊಂದರೆ ಮಾತ್ರ. ಸಂಪರ್ಕ ಸದಾ ಕೂಡಿಕೊಂಡೇ ಉಳಿದರೆ, ಕಾರು ಗಿಯರಿನಲ್ಲಿರುವಾಗಲೂ ಎಂಜಿನು ಏಳುತ್ತದೆ. ಇದು ಅಪಾಯ. ಮೊದಲನೆಯ ದೋಷಕ್ಕೆ ಸ್ವಿಚ್ಚಿನ ತಂತಿಗಳೆರಡನ್ನೂ ನೇರವಾಗಿ ಹೆಣೆದುಬಿಡುವವರುಂಟು. ಅವರು ತೊಂದರೆಯನ್ನು ಕಳೆದು ಅಪಾಯವನ್ನು ತಂದುಕೊಂಡಂತಾಯಿತು.

ಸ್ವಿಚ್ಚು ಗಿಯರುಪೆಟ್ಟಿಗೆಯ ಹೊರಮೈಯಲ್ಲಿರುವ ಕಾರುಗಳಲ್ಲಿ ಅದನ್ನು ಬದಲಿಸುವುದು ಕಠಿನವಲ್ಲ. ಅವೆನ್ಯೂ ರಸ್ತೆಗೆ ಅನತಿದೂರದ ಜೆ. ಸಿ. ರಸ್ತೆಯು ಬಿಡಿಭಾಗಗಳ ಅಂಗಡಿಗಳಿಗೆ ಹೆಸರಾದದ್ದು. ಕಾರಿನ ಮಾದರಿಯನ್ನೂ ವರ್ಷವನ್ನೂ ತಿಳಿಸಿ ತಕ್ಕ ಸ್ವಿಚ್ಚನ್ನು ಕೊಳ್ಳಬೇಕು. ಕಾರನ್ನು ಸಮನೆಲದಲ್ಲಿ ನಿಲ್ಲಿಸಿ, ಕೈಬ್ರೇಕು ಎಳೆದು, ಗಾಲಿಗಳಿಗೆ ಅಡ್ಡಗಲ್ಲು ಕೊಡಬೇಕು. ಗಿಯರನ್ನು ನ್ಯೂಟ್ರಲಿಗೆ ತಂದು, ಬ್ಯಾಟರಿಯ ಋಣ ತಂತಿಯನ್ನು ಬಿಡಿಸಬೇಕು. ಹಳೆಯ ಸ್ವಿಚ್ಚಿನ ಸ್ಥಾನವನ್ನು ಗುರುತಿಸಿಕೊಂಡು, ತಂತಿಯ ಜೋಡಣೆಯನ್ನೂ ಬೋಲ್ಟುಗಳನ್ನೂ ಕಳಚಬೇಕು. ಹೊಸದರ ಮೇಲಿನ ನ್ಯೂಟ್ರಲ್ ಗುರುತನ್ನು ಸರಿಹೊಂದಿಸಿದ ತರುವಾಯವೇ ಬೋಲ್ಟು ಬಿಗಿಯಬೇಕು. ಗುರುತು ತುಸು ತಪ್ಪಿದರೂ ಹೊಸ ಸ್ವಿಚ್ಚು ಹಳೆಯದರಂತೆಯೇ ವರ್ತಿಸೀತು.

ಕಡೆಯದು ಪರೀಕ್ಷೆ. ಬ್ಯಾಟರಿಯ ತಂತಿಯನ್ನು ಮರಳಿ ಜೋಡಿಸಿ, ಕಾರಿನ ಹಿಂದುಮುಂದೆ ಯಾರೂ ಇಲ್ಲದಿರುವಾಗ, ಬ್ರೇಕನ್ನು ಬಲವಾಗಿ ತುಳಿದು, ಪ್ರತಿಯೊಂದು ಸ್ಥಾನದಲ್ಲಿಯೂ ಬೀಗದ ಕೈ ತಿರುಗಿಸಿ ನೋಡಬೇಕು. ಪಾರ್ಕ್, ನ್ಯೂಟ್ರಲುಗಳಲ್ಲಿ ಎಂಜಿನು ಏಳಬೇಕು, ಉಳಿದೆಡೆ ಏಳಕೂಡದು. ಈಚಿನ ಅನೇಕ ಕಾರುಗಳಲ್ಲಿ ಈ ಸ್ವಿಚ್ಚು ಗಿಯರುಪೆಟ್ಟಿಗೆಯ ಒಳಗೇ ಅಡಗಿ ಗಣಕಕ್ಕೆ ಸುದ್ದಿ ಮುಟ್ಟಿಸುವುದರಿಂದ, ಅದನ್ನು ನುರಿತ ಕುಶಲಕರ್ಮಿಗೇ ಬಿಡುವುದು ಲೇಸು. ಕೈಯಿಂದ ಗಿಯರು ಬದಲಿಸುವ ಹಲವು ಕಾರುಗಳಲ್ಲಿಯೂ ಕ್ಲಚ್ಚನ್ನು ತುಳಿಯದೆ ಸ್ಟಾರ್ಟರು ತಿರುಗದು. ಅಲ್ಲಿ ಯಾವ ಸ್ವಿಚ್ಚು ಎಲ್ಲಿರಬೇಕೆಂಬುದನ್ನು ವಾಚಕರೇ ಊಹಿಸಬಹುದು.