ಸುಣ್ಣದಜ್ಜಿ

ಅಕ್ಕಂದಿರೇ, ಖೋ ಖೋ ಆಟ ನೀವು ನೋಡಿದ್ದೀರಿ. ಚಿಕ್ಕಂದಿನಲ್ಲಿ ಆಡಿಯೂ ಇರಬಹುದು. ಎಂಟು ಜನ ಸಾಲಾಗಿ ಕೂರುತ್ತಾರೆ. ಒಬ್ಬಳ ಮುಖ ಆ ಕಡೆ, ಪಕ್ಕದವಳ ಮುಖ ಈ ಕಡೆ. ಒಂಬತ್ತನೆಯವಳು ಎದುರು ತಂಡದವರನ್ನು ಅಟ್ಟಿಸಿಕೊಂಡು ಓಡುತ್ತಾಳೆ. ಅವಳು ಸಾಲಿನ ನಡುವೆ ನುಗ್ಗುವಂತಿಲ್ಲ. ಹೊರಟ ದಿಕ್ಕು ಬಿಟ್ಟು ಹಿಂದಕ್ಕೆ ತಿರುಗುವಂತಿಲ್ಲ. ಕೂತವಳ ಬೆನ್ನು ಮುಟ್ಟಿ "ಖೋ" ಅನ್ನಬೇಕು. ಆಗ ಕೂತವಳು ಎದ್ದು ಓಡಬೇಕು. ತಪ್ಪಿಸಿಕೊಳ್ಳುವವರು ಒಂದು ಸಲಕ್ಕೆ ಮೂರು ಜನ. ಒಬ್ಬಳನ್ನು ಮುಟ್ಟಿದರೆ ಒಂದು ಅಂಕ. ಒಂದು ಸರದಿಗೆ ಒಂಬತ್ತು ನಿಮಿಷ.

ಈ ಆಟಕ್ಕೆ ಚೆಂಡು ಬೇಡ, ಬ್ಯಾಟು ಬೇಡ. ಎರಡು ಕಂಬ ಬೇಕು. ಕಲ್ಲು ಮುಳ್ಳಿಲ್ಲದ ನೆಲ ಬೇಕು. ನೆಲದ ಮೇಲೆ ಗೆರೆ ಬೇಕು. ಅಂಗಳ 27 ಮೀಟರ್ ಉದ್ದ, 16 ಮೀಟರ್ ಅಗಲ. ಅಷ್ಟು ನೆಲ ಗುಡಿಸಿ ನೋಡಿ, ಸೊಂಟ ಏನಾಗುತ್ತೆ ಅಂತ ತಿಳಿಯುತ್ತೆ.

ನಮ್ಮೂರ ಆಟದ ಸಂಘದಲ್ಲಿ ಅಷ್ಟು ನೆಲವನ್ನೂ ದಿನಾ ಗುಡಿಸುತ್ತಿದ್ದವಳು ಒಬ್ಬಳು ಅಜ್ಜಿ. ನಮ್ಮದು ಮೈಸೂರು ಜಿಲ್ಲೆಯ ಒಂದು ಸಣ್ಣ ಊರು. ಅಜ್ಜಿ ಬೆಳಿಗ್ಗೆಯಿಂದ ಕೂಲಿಗೆ ಹೋಗುತ್ತಿದ್ದಳು. ಸಂಜೆ ನಾಲ್ಕಕ್ಕೆ ಪೊರಕೆ ಹಿಡಿದು ಬರುತ್ತಿದ್ದಳು. ಜಾಲಿ ಮುಳ್ಳು ಆರಿಸುತ್ತಿದ್ದಳು. ಧೂಳು ಏಳದ ಹಾಗೆ ನೀರು ಚಿಮುಕಿಸುತ್ತಿದ್ದಳು. ಆಮೇಲೆ ಹಗ್ಗ ಎಳೆದು ಸುಣ್ಣದ ಗೆರೆ ಹಾಕುತ್ತಿದ್ದಳು. ಮಕ್ಕಳು ಅವಳನ್ನು ಸುಣ್ಣದಜ್ಜಿ ಅಂತಲೇ ಕರೆಯುತ್ತಿದ್ದರು. ಇದಕ್ಕೆ ಅವಳಿಗೆ ಯಾರೂ ಒಂದು ರೂಪಾಯಿ ಕೊಟ್ಟವರಲ್ಲ.

ಒಂದು ಸಲ ಯಾರೋ ಅರಳಿಸದ ಸುಣ್ಣ ತಂದುಕೊಟ್ಟರು. ನೆಲ ಒದ್ದೆ ಇತ್ತು. ಹುಡುಗಿಯರ ಅಂಗಾಲು ಉರಿದುಹೋಯಿತು. ಅಜ್ಜಿ ಎಲ್ಲರ ಕಾಲನ್ನೂ ಕೊಡಗಟ್ಟಲೆ ನೀರು ಹಾಕಿ ತೊಳೆದಳು. ಅಂದಿನಿಂದ ಸುಣ್ಣವನ್ನು ತಾನೇ ಅರಳಿಸಿ, ಆರಿಸಿ, ಒಲೆಯ ಬೂದಿ ಬೆರೆಸಿ ತರುತ್ತಿದ್ದಳು. ನೀವೂ ಮನೆಗೆ ಸುಣ್ಣ ಬಳಿಯುವಾಗ ನೆನಪಿಡಿ. ಸುಣ್ಣದ ಕಲ್ಲಿಗೆ ನೀರು ಬಿದ್ದರೆ ಕುದಿಯುತ್ತೆ. ಕಣ್ಣಿಗೆ ಸಿಡಿದರೆ ಬಹಳ ಹೊತ್ತು ನೀರು ಹಾಕಿ ತೊಳೆಯಬೇಕು. ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಅಜ್ಜಿ ಮಾಡಿದ ದೊಡ್ಡ ಕೆಲಸ ಗುಡಿಸಿದ್ದಲ್ಲ, ಕೂತದ್ದು. ವಯಸ್ಸಿಗೆ ಬಂದ ಹುಡುಗಿಯರನ್ನು ಸಂಜೆ ಹೊತ್ತು ಆಟಕ್ಕೆ ಕಳಿಸಲು ತಾಯಂದಿರು ಒಪ್ಪುತ್ತಿರಲಿಲ್ಲ. ನಾವು ಮನೆಮನೆಗೆ ಹೋಗಿ ಎಷ್ಟು ಹೇಳಿದರೂ ಆಗಲಿಲ್ಲ. ಅಜ್ಜಿ ಹೋಗಿ ಒಂದೇ ಮಾತು ಅಂದಳು: "ನಾನು ಅಲ್ಲೇ ಕೂತಿರ್ತೀನಿ ಕಣವ್ವ. ಮನೆ ಬಾಗ್ಲಿಗೆ ತಂದು ಬಿಡ್ತೀನಿ." ಹಾಗೇ ಮಾಡಿದಳು. ಆಟ ಮುಗಿದ ಮೇಲೆ ಒಬ್ಬೊಬ್ಬಳನ್ನೇ ಮನೆ ಸೇರಿಸಿ, ಕತ್ತಲಾದ ಮೇಲೆ ತನ್ನ ಒಲೆ ಹಚ್ಚುತ್ತಿದ್ದಳು.

ಅಂಕದ ಲೆಕ್ಕವೂ ಅವಳದೇ. ಬರೆಯಲು ಬರುತ್ತಿರಲಿಲ್ಲ. ಮಡಿಲಲ್ಲಿ ಹುಣಸೆ ಬೀಜ ಇಟ್ಟುಕೊಂಡು, ಒಬ್ಬಳು ಔಟಾದರೆ ಒಂದು ಬೀಜ ಎತ್ತಿಡುತ್ತಿದ್ದಳು. ಲೆಕ್ಕ ಒಂದು ದಿನವೂ ತಪ್ಪಿದ್ದಿಲ್ಲ. 2014ರಲ್ಲಿ ಪಕ್ಕದ ಊರಿನ ತಂಡ ಆಡಲು ಬಂತು. ಗೆದ್ದದ್ದು ಯಾರು ಅಂತ ಜಗಳವಾಯಿತು. ಅಜ್ಜಿ ಬೀಜ ತೋರಿಸಿದಳು. ಅವರ ಕಡೆಯವರೊಬ್ಬರು ನಕ್ಕು, "ಬೀಜ ಸಾಕ್ಷಿ ಹೇಳುತ್ತಾ? ಕಾಗದ ತೋರಿಸಿ" ಅಂದರು. ಪಂದ್ಯ ಸಮ ಅಂತ ತೀರ್ಮಾನ ಆಯಿತು. ಅಜ್ಜಿ ಬೀಜಗಳನ್ನು ಅಲ್ಲೇ ಬೇಲಿಗೆ ಚೆಲ್ಲಿ ಹೋದಳು.

ಮಾರನೇ ರಾತ್ರಿ ನಮ್ಮ ಕಲಿಕಾ ಕೇಂದ್ರದ ಬಾಗಿಲಲ್ಲಿ ನಿಂತಿದ್ದಳು. "ಮೇಡಮ್ಮ, ಎಣಿಸೋಕೆ ಬತ್ತದೆ. ಅದನ್ನ ಕಾಗ್ದದ ಮೇಲೆ ಹಾಕೋದು ಕಲ್ಸಿ" ಅಂದಳು. ಮೊದಲು ಅಂಕಿ ಕಲಿತಳು. ಆಮೇಲೆ ಆಡುವ ಹುಡುಗಿಯರ ಹೆಸರು. ತನ್ನ ಹೆಸರು ಕಲಿತದ್ದು ಎಲ್ಲಕ್ಕಿಂತ ಕೊನೆಗೆ. ಅವಳಿಗೆ 6 ಮತ್ತು 9 ಅದಲು ಬದಲು ಆಗುತ್ತಿತ್ತು. ನಮಗೂ ಎಷ್ಟೋ ಸಲ ತಾಳ್ಮೆ ತಪ್ಪಿ ರೇಗಿದ್ದೇವೆ. ಅವಳು ರೇಗಲಿಲ್ಲ.

ಮುಂದಿನ ವರ್ಷ ಅದೇ ತಂಡ ಮತ್ತೆ ಬಂತು. ಅಜ್ಜಿ ಪೆನ್ಸಿಲ್ ಹಿಡಿದು ಕೂತಳು. ನಮ್ಮ ಹುಡುಗಿಯರು ಮೊದಲ ಸರದಿಯಲ್ಲಿ 11, ಎರಡನೆಯದರಲ್ಲಿ 8. ಅವರು 9 ಮತ್ತು 7. ಯಾರ ಹೆಸರು, ಎಷ್ಟನೇ ನಿಮಿಷ, ಎಲ್ಲಾ ಕಾಗದದ ಮೇಲಿತ್ತು. ಆ ಸಲ ಜಗಳ ಆಗಲಿಲ್ಲ.

ಒಂದು ವಿಷಯ ಹೇಳಲೇಬೇಕು. ಸಂಘದ ವಾರ್ಷಿಕೋತ್ಸವದಲ್ಲಿ ಎಷ್ಟೋ ಜನಕ್ಕೆ ಹಾರ ಹಾಕಿದೆವು. ಅಜ್ಜಿ ಪ್ರತಿ ಸಲ ಕೆಳಗೆ, ಮಕ್ಕಳ ಜೊತೆ ಕೂತಿದ್ದಳು. ವೇದಿಕೆಗೆ ಕರೆಯಬೇಕು ಅಂತ ನಮಗೂ ಹೊಳೆಯಲಿಲ್ಲ. ಸದಸ್ಯರ ಪಟ್ಟಿಯಲ್ಲಿ ಅವಳ ಹೆಸರೂ ಇರಲಿಲ್ಲ. ಅದನ್ನು ಕಂಡುಹಿಡಿದವಳು ಅವಳೇ. ಓದಲು ಬಂದ ಮೇಲೆ ಪಟ್ಟಿಯ ಮೇಲೆ ಬೆರಳಿಟ್ಟು ಓದಿ, "ನಾನು ಎಲ್ಲಿವ್ನಿ?" ಅಂತ ಕೇಳಿದಳು. ಯಾರೂ ಮಾತಾಡಲಿಲ್ಲ. ಪೆನ್ನು ಕೊಟ್ಟರು. ಅವಳೇ ಬರೆದುಕೊಂಡಳು.

2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆಯಿತು. 19ನೇ ತಾರೀಕು ಭಾರತದ ಮಹಿಳೆಯರು ನೇಪಾಳ ತಂಡವನ್ನು 78-40 ಅಂಕಗಳಿಂದ ಸೋಲಿಸಿದರು. ಆ ತಂಡದಲ್ಲಿ ನಮ್ಮ ಜಿಲ್ಲೆಯವರೇ ಆದ ಚೈತ್ರಾ ಇದ್ದರು. ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನವರು. ಅಜ್ಜಿ ಹುಡುಗಿಯರ ನಡುವೆ ಕೂತು ಮೊಬೈಲಿನಲ್ಲಿ ಆಟ ನೋಡಿದಳು. "ಒಬ್ಳು ಔಟಾದ್ರೆ ಎರಡು ಯಾಕೆ ಕೊಡ್ತಾರೆ?" ಅಂತ ತಕರಾರು ತೆಗೆದಳು. ಹೊಸ ನಿಯಮ ಅಂದೆವು. ಅವಳಿಗೆ ಅದು ಒಪ್ಪಿಗೆಯಾಗಲಿಲ್ಲ.

ಅದೇ ವರ್ಷ ಮಳೆಗಾಲದಲ್ಲಿ ಅಜ್ಜಿ ತೀರಿಕೊಂಡಳು. ಅವಳು ಬರೆದ ಪುಸ್ತಕ ಸಂಘದಲ್ಲಿದೆ. ಕೊನೆಯ ಪುಟಗಳಲ್ಲೂ ಒಂದೆರಡು ಕಡೆ 6 ಮತ್ತು 9 ತಿರುವುಮುರುವಾಗಿವೆ. ಹೊಡೆದು ಪಕ್ಕದಲ್ಲಿ ಸರಿ ಬರೆದಿದ್ದಾಳೆ. ಈಗ ಗೆರೆ ಹಾಕುವುದು ಅವಳು ಮನೆಗೆ ಬಿಟ್ಟು ಬರುತ್ತಿದ್ದ ಹುಡುಗಿಯರಲ್ಲಿ ಒಬ್ಬಳು. ಅವಳಿಗೆ ಮದುವೆಯಾಗಿದೆ. ಮಗುವನ್ನು ಅತ್ತೆಯ ಕೈಗೆ ಕೊಟ್ಟು ಬರುತ್ತಾಳೆ.

ಓದಿ, ಬರೆಯಿರಿ:
ಅಜ್ಜಿ ಪೆನ್ಸಿಲ್ ಹಿಡಿದು ಕೂತ ದಿನ ನಮ್ಮ ಹುಡುಗಿಯರು ಎಷ್ಟು ಅಂಕಗಳಿಂದ ಗೆದ್ದರು? ಕೂಡಿ, ಕಳೆದು ನೋಡಿ.
ನಿಮ್ಮೂರಿನ ಸಂಘದ ಪಟ್ಟಿ ತರಿಸಿ ಓದಿ. ಅದರಲ್ಲಿ ಯಾರ ಹೆಸರು ಬಿಟ್ಟುಹೋಗಿದೆ?