ಆಫೀಸು ಕಟ್ಟುವ ವಕೀಲರಿಗೊಂದು ಮಾತು

ಸ್ವಂತ ಆಫೀಸು ತೆರೆದ ವಕೀಲರು ಮೊದಲು ಕೇಸು ಹುಡುಕುತ್ತಾರೆ. ನನ್ನ ಕೇಳಿದರೆ, ಮೊದಲು ಡೈರಿ ಸರಿ ಮಾಡಿಕೊಳ್ಳಿ. ಸಿವಿಲ್ ದಾವೆಯ ಡಿಕ್ರಿ ಮೇಲೆ ಜಿಲ್ಲಾ ನ್ಯಾಯಾಲಯಕ್ಕೆ ಮೇಲ್ಮನವಿ ಹಾಕಲು 30 ದಿನ, ಹೈಕೋರ್ಟಿಗಾದರೆ 90 ದಿನ. ನಕಲು ಸಿಗಲು ಹಿಡಿದ ದಿನಗಳನ್ನು ಕಳೆಯಬಹುದು, ನಿಜ. ಆದರೆ ನಕಲಿಗೆ ಅರ್ಜಿಯನ್ನೇ ಹಾಕದೆ ಕೂತರೆ? ತೀರ್ಪು ಬಂದ ಸಂಜೆಯೇ ಕೊನೆಯ ದಿನವನ್ನು ಕೆಂಪು ಶಾಯಿಯಲ್ಲಿ ಬರೆಯಿರಿ. ಅದು ಗುಮಾಸ್ತರ ಪುಸ್ತಕದಲ್ಲೂ ಇರಲಿ, ಜೂನಿಯರ್ ಫೋನಿನಲ್ಲೂ ಇರಲಿ. ಒಬ್ಬರಿಗೆ ಜ್ವರ ಬಂದರೆ ಕಕ್ಷಿದಾರ ಜಮೀನು ಕಳೆದುಕೊಳ್ಳಬಾರದು.

ಕೋರ್ಟ್ ಫೀಗೆಂದು ಕೊಟ್ಟ ದುಡ್ಡು ನಿಮ್ಮ ಫೀಸಲ್ಲ; ಲೆಕ್ಕ ಬೇರೆ ಇಡಿ, ರಸೀದಿ ಕೊಡಿ.

ಇನ್ನು ಜೂನಿಯರ್‌ಗಳ ವಿಷಯ. ಇದನ್ನು ಒತ್ತಿ ಹೇಳುತ್ತೇನೆ. ತಿಂಗಳಿಗೆ ನಗರದಲ್ಲಿ ಕನಿಷ್ಠ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿ ಕೊಡಿ ಎಂದು ಭಾರತೀಯ ವಕೀಲರ ಪರಿಷತ್ತು 2024ರಲ್ಲಿ ಶಿಫಾರಸು ಮಾಡಿತು. ಕಡ್ಡಾಯವಲ್ಲ ಎಂದು ನುಣುಚಿಕೊಳ್ಳಬೇಡಿ. ಬಸ್ ಚಾರ್ಜಿಗೂ ಪರದಾಡುವ ಹುಡುಗಿ ನಿಮ್ಮ ಕಡತಗಳನ್ನು ಎಷ್ಟು ದಿನ ಮನಸ್ಸಿಟ್ಟು ಓದಿಯಾಳು? ಬರೀ ವಾಯಿದೆ ಕೇಳಲು ಕಳಿಸಬೇಡಿ. ಸಣ್ಣದೊಂದು ಮಧ್ಯಂತರ ಅರ್ಜಿಯನ್ನಾದರೂ ಅವಳೇ ವಾದಿಸಲಿ. ನೀವು ಹಿಂದಿನ ಸಾಲಿನಲ್ಲಿ ಕೂತು ಕೇಳಿ.