ಒಗರಿನ ಪಾಠ: ಶಹಾಪುರದಲ್ಲಿ ಒಂದು ಬಾಟಲಿ ಫ್ರೆಂಚ್ ವೈನ್



ನಮ್ಮ ಪತ್ರಿಕೆಯಲ್ಲಿ ಮದ್ಯದ ವಿಷಯ ಬಂದುದನ್ನು ಕಂಡು ಕೆಲವರು ಹುಬ್ಬೇರಿಸಬಹುದು. ಕುಡಿಯದವರಿಗೆ ಕುಡಿಯಿರೆಂದು ಹೇಳಲು ನಾವು ಹೊರಟಿಲ್ಲ. ಕೆಂಪು ವೈನು ಹೃದಯಕ್ಕೆ ಹಿತವೆಂಬ ಮಾತು ಬಹಳ ವರ್ಷ ಚಾಲ್ತಿಯಲ್ಲಿತ್ತು. ಮದ್ಯದ ಮಟ್ಟಿಗೆ ಅಪಾಯವಿಲ್ಲದ ಪ್ರಮಾಣ ಎಂಬುದೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಆದರೂ ವೈನು ಒಂದು ತೋಟದ ಬೆಳೆಯ ಪದಾರ್ಥ. ಅದರ ರುಚಿ ತಿಳಿಯಲು ಬೇಕಾದ ನಾಲಿಗೆ ಅಡಿಕೆ, ಕಾಫಿ, ಮೆಣಸು ಬೆಳೆಯುವ ನಮಗೆ ಆಗಲೇ ಉಂಟು. ಇದು ನಮಗೆ ಮನವರಿಕೆಯಾದುದು ಕಳೆದ ಚಳಿಗಾಲದಲ್ಲಿ, ಮಲೆನಾಡಿನಿಂದ ಬಲು ದೂರದ ಶಹಾಪುರದಲ್ಲಿ.

ನಮ್ಮ ತಂಗಿಯ ಮಗ ಶಹಾಪುರದ ಬಳಿಯ ಭೀಮರಾಯನಗುಡಿ ಕೃಷಿ ಕಾಲೇಜಿನಲ್ಲಿ ಓದಿದವನು. ಜೊತೆಯಲ್ಲಿ ಓದುತ್ತಿದ್ದ ಶಹಾಪುರದ ಹುಡುಗಿಯನ್ನೇ ಮದುವೆಯಾದ. ಒಂದು ವರ್ಷ ದಕ್ಷಿಣ ಫ್ರಾನ್ಸಿನ ಮಾಂಪೆಲಿಯೆ ನಗರದಲ್ಲಿದ್ದು ಬರುವಾಗ ಆ ಸೀಮೆಯ ಕೆಂಪು ವೈನಿನ ಒಂದು ಬಾಟಲಿ ತಂದಿದ್ದ. ನಾವು ಯಾದಗಿರಿಯಲ್ಲಿ ರೈಲಿಳಿದು, ಭೀಮಾ ಹೊಳೆ ದಾಟಿ, ಹತ್ತಿ ಬಿಡಿಸುತ್ತಿದ್ದ ಹೊಲಗಳ ನಡುವೆ ಹಾದು ಬೀಗರ ಮನೆ ಮುಟ್ಟಿದಾಗ, ಮಲಗಿದ ಬುದ್ಧನಂತೆ ಕಾಣುವ ಶಹಾಪುರದ ಗುಡ್ಡದ ಮೇಲೆ ಸಂಜೆಬಿಸಿಲು ಇನ್ನೂ ಇತ್ತು.

ಬಾಟಲಿಯ ಮೇಲೆ ಲಾಂಗ್‌ಡಾಕ್ ಎಂದಿತ್ತು. ಅದು ಮೆಡಿಟರೇನಿಯನ್ ಸಮುದ್ರದ ದಡದ ಪ್ರಾಂತ. ಬೇಸಿಗೆಯಲ್ಲಿ ಮಳೆ ಕಡಿಮೆ, ಬಿಸಿಲು ಹೆಚ್ಚು, ಕಲ್ಲುನೆಲ. ಗ್ರೆನಾಶ್, ಸಿರಾ, ಕಾರಿನ್ಯಾನ್ ಎಂಬ ಕಪ್ಪು ದ್ರಾಕ್ಷಿಗಳನ್ನು ಬೆರೆಸಿ ಮಾಡಿದ ವೈನು. ಸಿರಾ ಎಂದರೆ ನಮ್ಮವರು ಶಿರಾಜ್ ಎಂದು ಕರೆಯುವ ತಳಿ. ನಂದಿಬೆಟ್ಟದ ತಪ್ಪಲಿನಲ್ಲಿಯೂ ಅದನ್ನು ಬೆಳೆಯುತ್ತಾರೆ. ಬೆಂಗಳೂರು ನೀಲಿ ದ್ರಾಕ್ಷಿಯಿಂದ ಮಾಡುವ ಸಿಹಿ ವೈನನ್ನು ಮಾತ್ರ ಕಂಡವರಿಗೆ ಇದು ಬೇರೆಯೇ ವಸ್ತು. ಇದರಲ್ಲಿ ಸಿಹಿ ಇರುವುದಿಲ್ಲ. ಹಣ್ಣಿನ ಸಕ್ಕರೆಯನ್ನೆಲ್ಲ ಯೀಸ್ಟ್ ತಿಂದು ಮದ್ಯಸಾರ ಮಾಡಿರುತ್ತದೆ.

ತಯಾರಿಕೆಯನ್ನು ಕಾಫಿಯ ಭಾಷೆಯಲ್ಲಿ ಹೇಳುವುದು ಸುಲಭ. ನಾವು ಹಣ್ಣನ್ನು ಪಲ್ಪರಿಗೆ ಹಾಕಿ ಸಿಪ್ಪೆ ತೆಗೆದು, ಬೀಜಕ್ಕೆ ಅಂಟಿದ ಲೋಳೆ ಹೋಗಲೆಂದು ಹುಳಿಯಿಸುತ್ತೇವೆ. ಕೆಂಪು ವೈನಿನವರು ಸಿಪ್ಪೆ, ಬೀಜ ಎಲ್ಲವನ್ನೂ ರಸದ ಜೊತೆಯಲ್ಲೇ ಹುಳಿಯಲು ಬಿಡುತ್ತಾರೆ. ಕಪ್ಪು ದ್ರಾಕ್ಷಿಯ ರಸಕ್ಕೆ ಸಾಮಾನ್ಯವಾಗಿ ಬಣ್ಣವೇ ಇಲ್ಲ. ಬಣ್ಣ ಬರುವುದು ಸಿಪ್ಪೆಯಿಂದ, ಒಗರು ಬರುವುದು ಸಿಪ್ಪೆ ಮತ್ತು ಬೀಜದಿಂದ. ಆ ಒಗರಿನ ಹೆಸರು ಟ್ಯಾನಿನ್. ಕೆಂಪಡಿಕೆ ಬೇಯಿಸುವ ಸದಸ್ಯರಿಗೆ ಇದರ ಪರಿಚಯ ಮಾಡಿಕೊಡಬೇಕಾಗಿಲ್ಲ. ಹಂಡೆಯಲ್ಲಿ ಉಳಿಯುವ ಚೊಗರಿನಲ್ಲಿ ಇರುವುದು ಅದೇ ಜಾತಿಯ ವಸ್ತು. ಎಳೆಯ ಕಾಯಿಯಲ್ಲಿ ಅದು ಹೆಚ್ಚು, ಬಲಿತಂತೆ ಕಡಿಮೆ.

ಕೆಂಪು ವೈನನ್ನು ಕೋಣೆಯ ಶಾಖದಲ್ಲಿ ಕುಡಿಯಬೇಕು ಎಂದು ಪುಸ್ತಕಗಳಲ್ಲಿ ಬರೆದಿರುತ್ತದೆ. ಆ ಕೋಣೆ ಫ್ರಾನ್ಸಿನದು, ಶಹಾಪುರದ್ದಲ್ಲ. ಹದಿನಾರರಿಂದ ಹದಿನೆಂಟು ಡಿಗ್ರಿ ಸರಿಯಾದ ಹದ. ನಮ್ಮ ಬಿಸಿಲುನಾಡಿನಲ್ಲಿ ಹಾಗೆಯೇ ತೆರೆದರೆ ಮೂಗಿಗೆ ಮದ್ಯಸಾರದ ಘಾಟು ಬಿಟ್ಟು ಬೇರೇನೂ ಸಿಕ್ಕದು. ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು ತೆಗೆದೆವು. ಬೆಂಡಿನ ಬಿರಡೆ ಕೀಳುವ ಉಪಕರಣ ಆ ಮನೆಯಲ್ಲಿ ಎಲ್ಲಿಂದ ಬರಬೇಕು? ಬಾಗಿಲಿನ ಒಂದು ಸ್ಕ್ರೂ ತಿರುಗಿಸಿ ಇಕ್ಕಳದಿಂದ ಎಳೆದದ್ದಾಯಿತು.

ಬೀಗರು ಬರಿಯ ಬಾಯಲ್ಲಿ ಒಂದು ಗುಟುಕು ಕುಡಿದು ಮುಖ ಕಿವುಚಿದರು. "ಏನ್ರೀ ಬೀಗ್ರ, ಹಸಿ ಅಡಕಿ ಕಡದಂಗ ಆತಲ್ರೀ! ನಾಲಿಗಿ ಎಲ್ಲಾ ಜಗ್ಗಿ ಹಿಡೀತು" ಎಂದರು. ಇದಕ್ಕಿಂತ ಸರಿಯಾದ ವರ್ಣನೆಯನ್ನು ನಾವು ಎಲ್ಲಿಯೂ ಕೇಳಿಲ್ಲ. ಜೊಲ್ಲಿನಲ್ಲಿರುವ ಪ್ರೋಟೀನಿಗೆ ಟ್ಯಾನಿನ್ ಹೋಗಿ ಅಂಟಿಕೊಳ್ಳುವುದರಿಂದ ಬಾಯಿ ಒಣಗಿದಂತಾಗುತ್ತದೆ. ಊಟದಲ್ಲಿ ಜಿಡ್ಡು ಮತ್ತು ಪ್ರೋಟೀನು ಇದ್ದರೆ ಟ್ಯಾನಿನ್ನಿಗೆ ಹಿಡಿಯಲು ಅವು ಸಿಗುತ್ತವೆ, ನಾಲಿಗೆ ಪಾರಾಗುತ್ತದೆ. ಊಟದ ಜೊತೆ ವೈನನ್ನು ಹೊಂದಿಸುವ ವಿದ್ಯೆಯಲ್ಲಿ ಅರ್ಧಪಾಲು ಇಷ್ಟೇ.

ಮೊದಲು ಜೋಳದ ರೊಟ್ಟಿ, ಕೆಂಪಿಂಡಿ. ಇದು ಪೂರ್ತಿ ತಪ್ಪಿತು. ಮದ್ಯಸಾರ ಖಾರದ ಉರಿಯನ್ನು ಹೆಚ್ಚಿಸುತ್ತದೆ. ಎರಡು ತುತ್ತಿಗೆ ನಮ್ಮ ಕಣ್ಣಲ್ಲಿ ನೀರು. ಪುಂಡಿಪಲ್ಯದ ಹುಳಿಯ ಮುಂದೆ ವೈನು ಸಪ್ಪೆಯಾಯಿತು. ಆಮೇಲೆ ಬದನೆಕಾಯಿ ಎಣ್ಣೆಗಾಯಿ ಬಂತು. ಶೇಂಗಾ, ಎಳ್ಳು, ಗುರೆಳ್ಳಿನ ಮಸಾಲೆ, ಮೇಲೆ ತೇಲುವ ಎಣ್ಣೆ. ಅದನ್ನು ರೊಟ್ಟಿಯಲ್ಲಿ ತಿಂದು ಒಂದು ಗುಟುಕು ಕುಡಿದಾಗ ಒಗರು ಎಲ್ಲಿ ಹೋಯಿತೋ ತಿಳಿಯಲಿಲ್ಲ; ಮಾಗಿದ ನೇರಳೆಹಣ್ಣಿನಂಥ ರುಚಿ ಮೇಲೆ ಬಂತು. ಬೀಗರು ಮತ್ತೆ ಲೋಟ ಮುಂದೆ ಹಿಡಿದರು.

ಕುರಿ ಮಾಂಸವನ್ನು ಖಾರ ತಗ್ಗಿಸಿ, ನಾವು ಒಯ್ದಿದ್ದ ತೋಟದ ಕರಿಮೆಣಸು ಕುಟ್ಟಿ ಹಾಕಿ, ನಿಧಾನವಾಗಿ ಬೇಯಿಸಿರಿ ಎಂದು ಮೊದಲೇ ಕೇಳಿಕೊಂಡಿದ್ದೆವು. "ಖಾರ ಇಲ್ಲದ್ದು ಊಟ ಹೆಂಗ ಆಗ್ತದ್ರಿ ಅಣ್ಣಾರ?" ಎಂದು ಬೀಗಿತ್ತಿ ಗೊಣಗುತ್ತಲೇ ಮಾಡಿದ್ದರು. ಆ ದಿನದ ಉತ್ತಮ ಜೋಡಿ ಅದೇ. ಇದಕ್ಕೆ ಜಿಡ್ಡೊಂದೇ ಕಾರಣವಲ್ಲ. ಸಿರಾ ದ್ರಾಕ್ಷಿಯ ವೈನಿನಲ್ಲಿ ಕರಿಮೆಣಸಿನ ವಾಸನೆ ಬರುವುದೆಂದು ಬಲ್ಲವರು ಹಿಂದಿನಿಂದಲೂ ಹೇಳುತ್ತಿದ್ದರು. ಅದು ಬರೀ ಹೋಲಿಕೆಯ ಮಾತಲ್ಲವೆಂದು ಆಸ್ಟ್ರೇಲಿಯಾದ ವಿಜ್ಞಾನಿಗಳು 2008ರಲ್ಲಿ ತೋರಿಸಿದರು. ರೊಟಂಡೋನ್ ಎಂಬ ಒಂದೇ ವಸ್ತು ಆ ದ್ರಾಕ್ಷಿಯ ಸಿಪ್ಪೆಯಲ್ಲೂ ಇದೆ, ನಮ್ಮ ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಮೆಣಸಿನಲ್ಲೂ ಇದೆ. ಇದನ್ನು ಕೇಳಿದಾಗ ಆದ ಸಂತೋಷವನ್ನು ಮೆಣಸು ಬೆಳೆಯುವವರೇ ಬಲ್ಲರು.

ಕೊನೆಗೆ ಬಂದ ಶೇಂಗಾ ಹೋಳಿಗೆಯ ಜೊತೆ ಅದೇ ವೈನು ಹುಳಿ ಹುಳಿಯಾಯಿತು. ಸಿಹಿಗೆ ಮೊದಲೇ ಲೋಟ ಬದಿಗಿಡುವುದು ಮೇಲು.

ಊಟವಾದ ಮೇಲೆ ಬೀಗರು ನಿಜವಾದ ವಿಷಯಕ್ಕೆ ಬಂದರು. ಅವರಿಗೆ ನಾರಾಯಣಪುರದ ಕಾಲುವೆ ನೀರಿನ ನಾಲ್ಕು ಎಕರೆ ಇದೆ. ವೈನ್ ದ್ರಾಕ್ಷಿ ಹಚ್ಚಿರಿ, ಮಾಲು ನಾವು ಒಯ್ಯುತ್ತೇವೆ ಎಂದು ಯಾರೋ ಬಂದು ಹೇಳಿ ಹೋಗಿದ್ದರಂತೆ. ಸೊಸೈಟಿಯ ಲೆಕ್ಕ ನೋಡುವ ನಮ್ಮ ಮಾತಿಗಾಗಿ ಕಾದಿದ್ದರು. ರಾಜ್ಯ ಸರ್ಕಾರ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ತಂದಿರುವುದು, ವಿಜಯಪುರ ಬಾಗಲಕೋಟೆಗಳ ಕಡೆ ದ್ರಾಕ್ಷಿ ಚೆನ್ನಾಗಿ ಬರುವುದು ಎಲ್ಲವೂ ನಿಜ. ಆದರೆ ವೈನಿನ ತಳಿ ತಿನ್ನುವ ಹಣ್ಣಲ್ಲ. ಕೊಳ್ಳುವವನು ಬಾರದಿದ್ದರೆ ಸಂತೆಗೆ ಒಯ್ಯುವಂತಿಲ್ಲ, ಒಣದ್ರಾಕ್ಷಿ ಮಾಡುವಂತಿಲ್ಲ. ನೀರು ಬಸಿಯದ ಎರೆಭೂಮಿಯಾದರೆ ಬೇರಿನ ಚಿಂತೆ ಬೇರೆ. ವೆನಿಲ್ಲಾ ಬಳ್ಳಿಗೆ ಬೆಲೆ ಏರಿದ್ದ ಕಾಲದಲ್ಲಿ ನಾವೂ ಬಾಯಿಮಾತು ನಂಬಿ ಹಚ್ಚಿದೆವು. ಕಾಯಿ ಕೈಗೆ ಬರುವ ಹೊತ್ತಿಗೆ ಮಾತು ಕೊಟ್ಟವರು ಇರಲಿಲ್ಲ. ಆ ಸಾಲ ತೀರಿಸಲು ಆರು ವರ್ಷ ಹಿಡಿಯಿತು.

ಆ ಬಾಟಲಿ ಬಂದ ಲಾಂಗ್‌ಡಾಕಿನ ಬೆಳೆಗಾರರೂ ಈ ಕಷ್ಟ ಉಂಡವರೇ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇಳುವರಿ ಹೆಚ್ಚಿ ಬೆಲೆ ಬಿದ್ದುಹೋಯಿತು. ಸಾಲದೆಂಬಂತೆ ವ್ಯಾಪಾರಿಗಳು ಸಕ್ಕರೆ, ನೀರು ಸೇರಿಸಿದ ಕೃತಕ ವೈನನ್ನು ಪೇಟೆಗೆ ಬಿಟ್ಟರು. 1907ರ ಜೂನ್ 9ರಂದು ಮಾಂಪೆಲಿಯೆಯಲ್ಲಿ ಐದು ಲಕ್ಷದಷ್ಟು ಜನ ಸೇರಿದರು. ಅದೇ ತಿಂಗಳು ನಾರ್ಬೊನ್ ಪಟ್ಟಣದಲ್ಲಿ ಸೈನಿಕರ ಗುಂಡಿಗೆ ಜನ ಸತ್ತರು. ತಿಂಗಳು ಮುಗಿಯುವುದರೊಳಗೆ ಕಲಬೆರಕೆಯ ವಿರುದ್ಧ ಕಾನೂನು ಬಂತು. ಮಾರೋಸ್ಸಾನ್ ಎಂಬ ಹಳ್ಳಿಯವರು ಅದಕ್ಕೂ ಮೊದಲೇ, 1901ರಲ್ಲಿ, ಸಹಕಾರ ಸಂಘ ಕಟ್ಟಿ ವೈನನ್ನು ತಾವೇ ಮಾರಲು ತೊಡಗಿದ್ದರು. ಬೇರೆ ಅಡಿಕೆ ಬೆರೆಸಿ ನಮ್ಮ ಅಡಿಕೆಯ ಹೆಸರಿನಲ್ಲಿ ಮಾರುವುದನ್ನು ಕಂಡಿರುವ ಸದಸ್ಯರಿಗೆ ಹೆಚ್ಚು ವಿವರಿಸಬೇಕಿಲ್ಲ.

ಬರೆಹದಲ್ಲಿ ಒಪ್ಪಂದ ಬರಲಿ, ಮಣ್ಣು ಪರೀಕ್ಷೆಯಾಗಲಿ, ಆಮೇಲೆ ಅರ್ಧ ಎಕರೆಯಿಂದ ನೋಡಿರಿ ಎಂದೆವು. ಬೀಗರ ಮುಖ ಸ್ವಲ್ಪ ಸಣ್ಣದಾಯಿತು. ಆದರೂ ಹೂಂ ಎಂದರು.

ಮರುದಿನ ಸುರಪುರಕ್ಕೆ ಹೋಗಿ ಗುಡ್ಡದ ಮೇಲಿನ ಟೇಲರ್ ಮಂಜಿಲ್ ನೋಡಿ ಬಂದೆವು. ಬಾಲಕ ರಾಜಾ ವೆಂಕಟಪ್ಪ ನಾಯಕರಿಂದ ಅಪ್ಪಾ ಎನ್ನಿಸಿಕೊಂಡಿದ್ದ ಮೆಡೋಸ್ ಟೇಲರ್ ಸಾಹೇಬರು 1876ರಲ್ಲಿ ತೀರಿಕೊಂಡದ್ದು ದಕ್ಷಿಣ ಫ್ರಾನ್ಸಿನ ಮಾಂತೋನ್ ಎಂಬ ಊರಿನಲ್ಲಿ. ಸುರಪುರಕ್ಕೂ ಆ ಸಮುದ್ರದಂಡೆಗೂ ನಂಟು ನಾವು ಎಣಿಸಿದ್ದಕ್ಕಿಂತ ಹಳೆಯದು.

ಕಾಲುಭಾಗ ಉಳಿದಿದ್ದ ಬಾಟಲಿಗೆ ಬಿರಡೆ ಒತ್ತಿ ಫ್ರಿಜ್ಜಿನಲ್ಲಿ ಇಟ್ಟಿದ್ದೆವು. ಹಾಗೆ ಇಟ್ಟರೆ ಎರಡು ಮೂರು ದಿನ ಕೆಡುವುದಿಲ್ಲ. ಸಂಜೆ ಹಿಂದಿರುಗಿ ನೋಡಿದಾಗ ಒಗರು ಇನ್ನಷ್ಟು ಇಳಿದಿತ್ತು. ತಂಗಳ ಎಣ್ಣೆಗಾಯಿಯೂ ಸ್ವಲ್ಪ ಉಳಿದಿತ್ತು.